ಯಂತ್ರ ಬಂದಾಗ ಯಾರ ಕೆಲಸ ಹೋಗುತ್ತದೆ?

ಈಚೆಗೆ ಬರುವ ಓದುಗರ ಪತ್ರಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಎದುರಾಗುತ್ತಿದೆ. ಮಗಳನ್ನು ಬಿ.ಕಾಂ.ಗೆ ಸೇರಿಸಿದ್ದೇವೆ, ಲೆಕ್ಕಪತ್ರದ ಕೆಲಸವನ್ನೆಲ್ಲ ಇನ್ನು ಎಐ ಮಾಡುತ್ತದಂತೆ, ಅವಳ ಗತಿಯೇನು ಎಂದು ಒಬ್ಬ ತಂದೆ ಕೇಳುತ್ತಾರೆ. ವಿಮಾ ಕಂಪನಿಯೊಂದರ ಬ್ಯಾಕ್ ಆಫೀಸಿನಲ್ಲಿ ವರ್ಷಗಟ್ಟಲೆ ದುಡಿದವರೊಬ್ಬರು, ತಮ್ಮ ವಿಭಾಗಕ್ಕೆ ಹೊಸ ಸಾಫ್ಟ್‌ವೇರ್ ಬಂದ ಮೇಲೆ ಬಿಟ್ಟುಹೋದವರ ಜಾಗಕ್ಕೆ ಯಾರನ್ನೂ ತುಂಬುತ್ತಿಲ್ಲ ಎಂದು ಬರೆಯುತ್ತಾರೆ. ಇನ್ನೊಬ್ಬರು ಸುತ್ತಿ ಬಳಸದೆ ನೇರವಾಗಿ ಕೇಳಿದ್ದಾರೆ: ‘ಗಂಡಸರಿಗಿಂತ ಹೆಂಗಸರ ಕೆಲಸವೇ ಮೊದಲು ಹೋಗುತ್ತದೆ ಎಂದು ಪೇಪರಿನಲ್ಲಿ ಓದಿದೆ. ಇದು ನಿಜವೇ ಮೇಡಂ?’

ಕಚೇರಿ ಕೆಲಸದ ಮಟ್ಟಿಗೆ ನಿಜ. ಆದರೆ ನಮ್ಮಲ್ಲಿ ದುಡಿಯುವ ಹೆಂಗಸರಲ್ಲಿ ಬಹುಪಾಲು ಮಂದಿ ಕಚೇರಿಯಲ್ಲಿಲ್ಲ. ಅವರು ಹೊಲದಲ್ಲಿದ್ದಾರೆ, ಹೊಲಿಗೆ ಯಂತ್ರದ ಮುಂದಿದ್ದಾರೆ, ಅಂಗನವಾಡಿಯಲ್ಲಿದ್ದಾರೆ. ಅವರ ವಿಷಯದಲ್ಲಿ ಈ ಪ್ರಶ್ನೆ ಎಐ ಎಂಬ ಹೆಸರು ಊರಿಗೆ ತಿಳಿಯುವ ಎಷ್ಟೋ ಮೊದಲೇ ಹುಟ್ಟಿದೆ. ಉತ್ತರವೂ ಬೇರೆ ಇದೆ.

ಮೊದಲು ಅಂಕಿಅಂಶಗಳನ್ನು ನೋಡಿಬಿಡೋಣ, ಏಕೆಂದರೆ ಗೊಂದಲ ಹುಟ್ಟುವುದೇ ಅಲ್ಲಿ. 2013ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕಾರ್ಲ್ ಫ್ರೇ ಮತ್ತು ಮೈಕೆಲ್ ಆಸ್ಬರ್ನ್ ಅಮೆರಿಕದ 702 ಬಗೆಯ ಉದ್ಯೋಗಗಳನ್ನು ಪರಿಶೀಲಿಸಿ, ಅಲ್ಲಿನ ಶೇ 47ರಷ್ಟು ಉದ್ಯೋಗಗಳು ಯಂತ್ರಗಳ ಪಾಲಾಗುವ ದೊಡ್ಡ ಅಪಾಯದಲ್ಲಿವೆ ಎಂದರು. ಜಗತ್ತು ಬೆಚ್ಚಿಬಿತ್ತು. ಮೂರು ವರ್ಷಗಳ ನಂತರ, ಬಹುಪಾಲು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಗಾಗಿ ನಡೆದ ಇನ್ನೊಂದು ಅಧ್ಯಯನ, 21 ದೇಶಗಳ ಸರಾಸರಿ ಕೇವಲ ಶೇ 9 ಎಂದಿತು. ಇಷ್ಟೊಂದು ಅಂತರ ಬಂದದ್ದು ಅಳತೆಯ ಕ್ರಮದಿಂದ. ಮೊದಲಿನವರು ಇಡೀ ಉದ್ಯೋಗವನ್ನು ಒಂದೇ ಗಂಟಾಗಿ ತೂಗಿದ್ದರು. ಎರಡನೆಯವರು ಆ ಗಂಟನ್ನು ಬಿಚ್ಚಿ, ಒಬ್ಬ ವ್ಯಕ್ತಿ ದಿನವಿಡೀ ಮಾಡುವ ಒಂದೊಂದು ಕೆಲಸವನ್ನೂ ಬೇರೆಯಾಗಿ ನೋಡಿದರು. ಗುಮಾಸ್ತೆಯೊಬ್ಬರು ಟೈಪ್ ಮಾಡುವುದಷ್ಟೇ ಅಲ್ಲ, ಬಾಗಿಲಿಗೆ ಬಂದವರಿಗೆ ಸಮಾಧಾನ ಹೇಳುತ್ತಾರೆ, ಕಳೆದುಹೋದ ಫೈಲು ಯಾರ ಮೇಜಿನ ಮೇಲಿದೆ ಎಂದು ಊಹಿಸುತ್ತಾರೆ, ಸಾಹೇಬರಿಗೆ ಯಾವ ಪತ್ರ ಇವತ್ತೇ ತೋರಿಸಬೇಕು ಎಂದು ತೀರ್ಮಾನಿಸುತ್ತಾರೆ. ಯಂತ್ರಕ್ಕೆ ಇವುಗಳಲ್ಲಿ ಒಂದು ಸುಲಭ, ಉಳಿದವು ಕಷ್ಟ.

ಹೆಣ್ಣು ಗಂಡಿನ ಲೆಕ್ಕಕ್ಕೆ ಬಂದರೆ, 2018ರಲ್ಲಿ ಐಎಂಎಫ್‌ನ ಸಂಶೋಧಕರು 30 ದೇಶಗಳನ್ನು ನೋಡಿ, ದೊಡ್ಡ ಅಪಾಯದಲ್ಲಿರುವವರು ಹೆಂಗಸರಲ್ಲಿ ಶೇ 11, ಗಂಡಸರಲ್ಲಿ ಶೇ 9 ಎಂದು ಹೇಳಿದರು. ಮರುವರ್ಷ ಮೆಕಿನ್ಸಿ ಸಂಸ್ಥೆ ಭಾರತವೂ ಸೇರಿದಂತೆ ಹತ್ತು ದೇಶಗಳ ಲೆಕ್ಕ ಹಾಕಿ, 2030ರ ಹೊತ್ತಿಗೆ ಕೆಲಸ ಕಳೆದುಕೊಳ್ಳಬಹುದಾದವರು ಹೆಂಗಸರಲ್ಲಿ ಶೇ 20, ಗಂಡಸರಲ್ಲಿ ಶೇ 21 ಎಂದಿತು. ಅಂದರೆ ಹೆಚ್ಚುಕಡಿಮೆ ಸಮ. ಆಮೇಲೆ ಚಾಟ್‌ಜಿಪಿಟಿ ಬಂತು, ಲೆಕ್ಕ ವಾಲಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ (ಐಎಲ್‌ಒ) 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಎಐನಿಂದ ಸ್ವಯಂಚಾಲನೆಗೆ ಒಳಗಾಗಬಹುದಾದ ಉದ್ಯೋಗಗಳಲ್ಲಿರುವವರು ಜಗತ್ತಿನ ದುಡಿಯುವ ಹೆಂಗಸರಲ್ಲಿ ಶೇ 3.7, ಗಂಡಸರಲ್ಲಿ ಶೇ 1.4. ಶ್ರೀಮಂತ ದೇಶಗಳನ್ನಷ್ಟೇ ತೆಗೆದುಕೊಂಡರೆ ಹೆಂಗಸರಲ್ಲಿ ಶೇ 7.8, ಗಂಡಸರಲ್ಲಿ ಶೇ 2.9. ಅದೇ ಸಂಸ್ಥೆ 2025ರಲ್ಲಿ ಲೆಕ್ಕವನ್ನು ಪರಿಷ್ಕರಿಸಿದಾಗ ಶ್ರೀಮಂತ ದೇಶಗಳ ಅಂತರ ಇನ್ನೂ ಹಿಗ್ಗಿತ್ತು: 9.6 ಮತ್ತು 3.5.

ಕಾರಣ ಸರಳ. ತೋಳಿನ ಬಲದ ಯಂತ್ರ ಬಂದಾಗ ಬಂದರು, ಗಣಿ, ಲಾರಿಗಳಲ್ಲಿ ದುಡಿಯುವ ಗಂಡಸರ ಕೆಲಸ ಅಲುಗಾಡುತ್ತದೆ. ಕಾಗದ ಓದುವ, ಬರೆಯುವ, ವಿಂಗಡಿಸುವ ಯಂತ್ರ ಬಂದಾಗ ಗುಮಾಸ್ತಿಕೆ ಅಲುಗಾಡುತ್ತದೆ. ಜಗತ್ತಿನ ಬಹಳಷ್ಟು ದೇಶಗಳಲ್ಲಿ ಗುಮಾಸ್ತಿಕೆ ಹೆಂಗಸರ ಕೈಯಲ್ಲಿದೆ. ಪಿಡಬ್ಲ್ಯುಸಿ ಸಂಸ್ಥೆ 2018ರಲ್ಲೇ ಇದನ್ನು ಮೂರು ಅಲೆಗಳಾಗಿ ವಿವರಿಸಿತ್ತು. ಮೊದಲೆರಡು ಅಲೆಗಳ ಪೆಟ್ಟು ಹೆಂಗಸರಿಗೆ ಹೆಚ್ಚು, ಚಾಲಕರಿಲ್ಲದ ವಾಹನಗಳು ರಸ್ತೆಗಿಳಿಯುವ ಮೂರನೆಯ ಅಲೆಯಲ್ಲಿ ಗಂಡಸರ ಸರದಿ ಎಂದು. ಡ್ರೈವರಿಲ್ಲದ ಲಾರಿ ನಮ್ಮ ಘಾಟಿ ರಸ್ತೆಗಳನ್ನು ಹತ್ತಲು ಇನ್ನೂ ಕಾಲ ಬೇಕು. ಪತ್ರ ಬರೆಯುವ ಯಂತ್ರವಾದರೋ ಈಗಾಗಲೇ ಎಲ್ಲರ ಜೇಬಿನಲ್ಲಿದೆ.

ಕಚೇರಿ ಕೆಲಸ ಹೇಗೆ ಹೋಗುತ್ತದೆ ಎಂಬುದನ್ನು ಬೆಂಗಳೂರು ಒಮ್ಮೆ ಹತ್ತಿರದಿಂದ ಕಂಡಿದೆ. ತೊಂಬತ್ತರ ದಶಕದ ಕೊನೆಯಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂಬ ಉದ್ಯೋಗ ಇಲ್ಲಿ ಹಬ್ಬಿತು. ಅಮೆರಿಕದ ವೈದ್ಯರು ರೋಗಿಯನ್ನು ನೋಡಿದ ಮೇಲೆ ಹೇಳಿ ರೆಕಾರ್ಡ್ ಮಾಡಿದ ಟಿಪ್ಪಣಿ ರಾತ್ರೋರಾತ್ರಿ ಇಲ್ಲಿಗೆ ಬರುತ್ತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಾಲಿನಲ್ಲಿ ಪೆಡಲ್ ಒತ್ತಿ ಧ್ವನಿಯನ್ನು ಹಿಂದೆ ಮುಂದೆ ಓಡಿಸುತ್ತ, ಅಕ್ಷರಕ್ಕಿಳಿಸುವವರಲ್ಲಿ ಯುವತಿಯರು ಬಹಳಷ್ಟಿದ್ದರು. ನನ್ನ ಪರಿಚಯದ ಒಬ್ಬಾಕೆ, ಜೀವಶಾಸ್ತ್ರದಲ್ಲಿ ಪದವಿ ಮುಗಿಸಿದವರು, ಈ ಕೆಲಸದ ಸಂಬಳದಲ್ಲಿ ತಮ್ಮನನ್ನು ಎಂಜಿನಿಯರಿಂಗ್ ಓದಿಸಿದರು. ಟೆಕ್ಸಾಸಿನ ವೈದ್ಯರು ಮಾತು ನುಂಗುವ ಬಗೆ, ಔಷಧಿಗಳ ಹೆಸರು, ಮಿಲಿಗ್ರಾಂ ಮೈಕ್ರೊಗ್ರಾಂಗಳ ನಡುವಿನ ಎಚ್ಚರ ಎಲ್ಲ ಅವರ ಕಿವಿಗೆ ಪಳಗಿತ್ತು.

ಆಮೇಲೆ ಧ್ವನಿಯನ್ನು ಗುರುತಿಸುವ ತಂತ್ರಾಂಶ ಬಂತು. ಅದು ಮೊದಲ ಕರಡನ್ನು ತಾನೇ ಟೈಪ್ ಮಾಡಿ ಇಡುತ್ತಿತ್ತು. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ, ‘ಎಡಿಟರ್’ ಎಂದು ಹೆಸರು ಬದಲಿಸಿದರು. ಸಾಲಿಗೆ ಇಷ್ಟು ಎಂದು ಕೊಡುತ್ತಿದ್ದ ದರವನ್ನು ಮಾತ್ರ ಇಳಿಸಿದರು. ಯಂತ್ರ ತಪ್ಪು ಕೇಳಿಸಿಕೊಂಡ ಔಷಧಿಯ ಹೆಸರನ್ನು ಹಿಡಿಯಲು ಮೊದಲಿನಷ್ಟೇ ಕಿವಿ, ಮೊದಲಿಗಿಂತ ಹೆಚ್ಚು ಗಮನ ಬೇಕಿತ್ತು, ಬೆಲೆ ಮಾತ್ರ ಕಡಿಮೆಯಾಯಿತು. ಒಂದು ದಿನ ಆಕೆ ತಾವೇ ಬಿಟ್ಟರು. ಕೆಲಸ ಕಳೆದುಕೊಂಡವರ ಪಟ್ಟಿಯಲ್ಲಿ ಅವರ ಹೆಸರು ಎಲ್ಲೂ ಇಲ್ಲ, ಮದುವೆಯಾದ ಮೇಲೆ ಕೆಲಸ ಬಿಟ್ಟವರು ಎಂದು ಮನೆಯವರೂ ನೆನಪಿಟ್ಟುಕೊಂಡಿದ್ದಾರೆ. ಹೆಂಗಸರ ಕೆಲಸ ಹೋಗುವುದು ಬಹಳ ಸಲ ಹೀಗೆಯೇ. ಯಂತ್ರ ಮಾಡಿದ್ದನ್ನು ಸಂಸಾರದ ಲೆಕ್ಕಕ್ಕೆ ಬರೆದುಬಿಡುತ್ತೇವೆ.

ಬಿ.ಕಾಂ. ಓದುತ್ತಿರುವ ಮಗಳ ತಂದೆಗೆ ಉತ್ತರಿಸಬೇಕಾದರೆ ನೂರು ವರ್ಷ ಹಿಂದಿನ ಒಂದು ಪ್ರಸಂಗ ಹೇಳಬೇಕು. ಅಮೆರಿಕದಲ್ಲಿ ಟೆಲಿಫೋನ್ ಹೊಸದಾಗಿ ಬಂದಾಗ ಕರೆಗಳನ್ನು ಕೈಯಿಂದ ಜೋಡಿಸಬೇಕಿತ್ತು. ಮೊದಲು ಹುಡುಗರನ್ನು ಇಟ್ಟರು. ಅವರ ಒರಟು ಮಾತು ಗಿರಾಕಿಗಳಿಗೆ ಸರಿಬರಲಿಲ್ಲ. 1878ರಲ್ಲಿ ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬಾಕೆ ಮೊದಲ ಮಹಿಳಾ ಆಪರೇಟರ್ ಆಗಿ ಸೇರಿದರು. ಮುಂದಿನ ನಲವತ್ತು ವರ್ಷಗಳಲ್ಲಿ ಅದು ಅಲ್ಲಿನ ಯುವತಿಯರಿಗೆ ಸಿಗುತ್ತಿದ್ದ ತೀರಾ ಸಾಮಾನ್ಯವಾದ ಉದ್ಯೋಗಗಳಲ್ಲಿ ಒಂದಾಯಿತು. ಡಯಲ್ ತಿರುಗಿಸಿದರೆ ಕರೆ ತಾನೇ ಜೋಡಿಸಿಕೊಳ್ಳುವ ಸ್ವಿಚ್ಚುಗಳನ್ನು ಎಟಿ ಅಂಡ್ ಟಿ ಕಂಪನಿ 1920ರಿಂದ 1940ರ ನಡುವೆ ದೇಶದ ಅರ್ಧಕ್ಕಿಂತ ಹೆಚ್ಚಿನ ಜಾಲಕ್ಕೆ ಅಳವಡಿಸಿತು. ಲಕ್ಷಾಂತರ ಯುವತಿಯರು ನಂಬಿಕೊಂಡಿದ್ದ ಕೆಲಸ ಊರಿಂದ ಊರಿಗೆ ಕಣ್ಮರೆಯಾಗುತ್ತ ಹೋಯಿತು.

ಆ ಯುವತಿಯರು ಏನಾದರು ಎಂದು ಜೇಮ್ಸ್ ಫೈಗೆನ್‌ಬಾಮ್ ಮತ್ತು ಡೇನಿಯಲ್ ಗ್ರಾಸ್ ಎಂಬ ಅರ್ಥಶಾಸ್ತ್ರಜ್ಞರು ಹಳೆಯ ಜನಗಣತಿಯ ದಾಖಲೆಗಳಲ್ಲಿ ಒಬ್ಬೊಬ್ಬರನ್ನೇ ಹುಡುಕಿ ನೋಡಿದ್ದಾರೆ. ಅವರಿಗೆ ಎರಡು ಸಂಗತಿ ಕಂಡವು. ಯಂತ್ರ ಬಂದ ಮೇಲೆ ದುಡಿಯುವ ವಯಸ್ಸಿಗೆ ಬಂದ ಹೊಸ ಹುಡುಗಿಯರಿಗೆ ಒಟ್ಟಾರೆ ಉದ್ಯೋಗ ಕಡಿಮೆಯಾಗಲಿಲ್ಲ. ಟೈಪಿಸ್ಟ್, ಸೆಕ್ರೆಟರಿ, ಹೋಟೆಲ್ ಕೆಲಸ ಹೀಗೆ ಬೇರೆ ದಾರಿಗಳು ತೆರೆದವು. ಆದರೆ ಯಂತ್ರ ಬರುವಾಗ ಆಪರೇಟರ್ ಆಗಿಯೇ ಇದ್ದವರು, ಹತ್ತು ವರ್ಷದ ನಂತರ ಕಡಿಮೆ ಸಂಬಳದ ಕೆಲಸದಲ್ಲಿ ಇದ್ದರು ಅಥವಾ ಕೆಲಸವನ್ನೇ ಬಿಟ್ಟಿದ್ದರು. ಹೊಸಬರು ದಾರಿ ಬದಲಿಸಿಕೊಂಡರು, ಪೆಟ್ಟು ಬಿದ್ದದ್ದು ಆಗಲೇ ದುಡಿಯುತ್ತಿದ್ದವರಿಗೆ.

ಹಾಗಾಗಿ ನನ್ನ ಚಿಂತೆ ಇಪ್ಪತ್ತು ವರ್ಷದ ಆ ಮಗಳ ಬಗ್ಗೆ ಅಷ್ಟಿಲ್ಲ. ಅವಳು ಬಿ.ಕಾಂ. ಮುಗಿಸಲಿ. ಲೆಕ್ಕ ಬರೆಯುವುದನ್ನಷ್ಟೇ ಕಲಿತರೆ ಸಾಲದು, ಯಂತ್ರ ಬರೆದ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ಹಿಡಿಯುವುದನ್ನು, ಜಿಎಸ್‌ಟಿ ನೋಟಿಸು ಬಂದ ಅಂಗಡಿಯವರ ಎದುರು ಕೂತು ಬಿಡಿಸಿ ಹೇಳುವುದನ್ನು, ಲೆಕ್ಕದ ಕೆಳಗೆ ಜವಾಬ್ದಾರಿಯಿಂದ ಸಹಿ ಹಾಕುವುದನ್ನು ಕಲಿಯಲಿ. ಅವಳ ಮುಂದೆ ನಲವತ್ತು ವರ್ಷಗಳಿವೆ. ನನಗೆ ಚಿಂತೆಯಿರುವುದು ಬ್ಯಾಕ್ ಆಫೀಸಿನಿಂದ ಪತ್ರ ಬರೆದ, ನಲವತ್ತು ದಾಟಿದ ಆ ಇನ್ನೊಬ್ಬರ ಬಗ್ಗೆ. ಅಂದು ಟೆಲಿಫೋನ್ ಹುಡುಗಿಯರ ತಂಗಿಯರನ್ನು ಕಾಪಾಡಿದ ಗುಮಾಸ್ತಿಕೆಯೇ ಇಂದು ಮೊದಲ ಸಾಲಿನಲ್ಲಿ ನಿಂತಿದೆ. ಐಎಲ್‌ಒ ಲೆಕ್ಕದಲ್ಲಿ ಗುಮಾಸ್ತಿಕೆಯ ಕೆಲಸಗಳಲ್ಲಿ ಶೇ 24ರಷ್ಟನ್ನು ಈ ಹೊಸ ಯಂತ್ರ ಬಹಳ ಸುಲಭವಾಗಿ ಮಾಡಬಲ್ಲದು, ಇನ್ನೂ ಶೇ 58ರಷ್ಟನ್ನು ಒಂದು ಮಟ್ಟಕ್ಕೆ ಮಾಡಬಲ್ಲದು. ಬೇರೆ ಯಾವ ವರ್ಗದ ಉದ್ಯೋಗವೂ ಇಷ್ಟು ಬಯಲಿಗೆ ಬಿದ್ದಿಲ್ಲ.

ಇನ್ನು ಹೊಲಕ್ಕೆ ಬರೋಣ. ಕೇಂದ್ರ ಸರ್ಕಾರದ 2023-24ರ ಕಾರ್ಮಿಕ ಸಮೀಕ್ಷೆಯಂತೆ ದೇಶದಲ್ಲಿ ದುಡಿಯುವ ಹೆಂಗಸರಲ್ಲಿ ಸುಮಾರು ಶೇ 64ರಷ್ಟು ಮಂದಿ ಇರುವುದು ಕೃಷಿಯಲ್ಲಿ. ಗಂಡಸರಲ್ಲಿ ಈ ಪ್ರಮಾಣ ಶೇ 36ರ ಆಸುಪಾಸು. ಆದ್ದರಿಂದ ಭಾರತದಲ್ಲಿ ‘ಹೆಂಗಸರ ಕೆಲಸಕ್ಕೆ ಯಂತ್ರದ ಅಪಾಯ’ ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಟ್ರ್ಯಾಕ್ಟರಿನ ಕಡೆಗೆ, ಕಂಪ್ಯೂಟರು ಆಮೇಲೆ.

ಉಳುಮೆ ಮೊದಲಿನಿಂದಲೂ ಗಂಡಸರ ಕೆಲಸ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದರೆ ಕೆಲಸ ಕಳೆದುಕೊಳ್ಳುವವರು ಗಂಡಸರೇ ಎಂದು ಯಾರಾದರೂ ಅಂದುಕೊಳ್ಳಬೇಕು. ಫರ್ಜಾನಾ ಅಫ್ರಿದಿ, ಮೋನಿಶಂಕರ್ ಬಿಷ್ಣು ಮತ್ತು ಕನಿಕಾ ಮಹಾಜನ್ 1999ರಿಂದ 2011ರವರೆಗಿನ ಭಾರತದ ಮಾಹಿತಿಯನ್ನು ಶೋಧಿಸಿದಾಗ ಬೇರೆಯೇ ಚಿತ್ರ ಸಿಕ್ಕಿತು. ಯಂತ್ರದ ಉಳುಮೆ ಹತ್ತು ಶೇಕಡಾ ಅಂಶದಷ್ಟು ಹೆಚ್ಚಿದ ಕಡೆ ಹೊಲದಲ್ಲಿ ಹೆಂಗಸರ ದುಡಿಮೆ ಶೇ 5ರಷ್ಟು ಇಳಿದಿತ್ತು. ಗಂಡಸರಿಗಿಂತ ಹೆಂಗಸರ ಕೆಲಸವೇ ಹೆಚ್ಚು ಕರಗಿತ್ತು. ಹೀಗೆ ಹೊರಬಿದ್ದ ಹೆಂಗಸರಿಗೆ ಹೊಲದ ಹೊರಗೆ ಬೇರೆ ಕೆಲಸವೂ ಸಿಕ್ಕಿರಲಿಲ್ಲ. ಕಾರಣ ಕಳೆ. ಟ್ರ್ಯಾಕ್ಟರಿನ ನೇಗಿಲು ಆಳಕ್ಕೆ ಇಳಿದು ಮಣ್ಣು ಮಗುಚಿದರೆ ಕಳೆ ಕಡಿಮೆ ಏಳುತ್ತದೆ. ಕಳೆ ಕೀಳುವವರು ಹೆಂಗಸರು. ಯಂತ್ರ ಇಳಿದದ್ದು ಗಂಡಸಿನ ಕೆಲಸಕ್ಕೆ, ಕೂಲಿ ತಪ್ಪಿದ್ದು ಹೆಣ್ಣಾಳಿಗೆ. ಉದ್ಯೋಗಗಳ ಪಟ್ಟಿ ಮಾಡಿ ಯಾವುದು ಯಂತ್ರಕ್ಕೆ ಬಲಿಯಾಗುತ್ತದೆ ಎಂದು ಗುರುತು ಹಾಕುವ ಯಾವ ವಿಧಾನಕ್ಕೂ ಇದು ಸಿಗುವುದಿಲ್ಲ. ಇಲ್ಲಿ ಕೂಲಿ ಕಸಿದದ್ದು ಕಳೆ ಕೀಳುವ ಯಂತ್ರ ಅಲ್ಲವಲ್ಲ!

ತುಂಗಭದ್ರಾ ಅಚ್ಚುಕಟ್ಟಿನ ಕಡೆ ಹೋದಾಗ ಕಾಲುವೆ ದಂಡೆಯ ಮೇಲೆ ಕೂತಿದ್ದ ಹೆಣ್ಣಾಳುಗಳನ್ನು ಮಾತಾಡಿಸಿದ್ದೆ. ಅವರಲ್ಲಿ ಹಿರಿಯಾಕೆ ಹೇಳಿದ ಮಾತು ಇದು: ‘ಮೊದ್ಲ ಒಂದ ಬೆಳಿಗೆ ಎರಡ ಸಲ ಕಸ ತಗಿಯಾಕ ಕರೀತಿದ್ರು ಅಕ್ಕಾರ. ಈಗ ಎಣ್ಣಿ ಹೊಡದು ಬಿಡ್ತಾರ, ಮುಗೀತು. ನಟ್ಟು ಹಚ್ಚಾಕ ಕರದ್ರ ಅಷ್ಟ.’ ಕಸ ಎಂದರೆ ಕಳೆ, ಎಣ್ಣಿ ಎಂದರೆ ಕಳೆನಾಶಕ. ಬೆನ್ನಿಗೆ ಪಂಪು ಕಟ್ಟಿಕೊಂಡು ಅದನ್ನು ಹೊಡೆಯುವವನು ಗಂಡಾಳು. ಹತ್ತು ಹೆಂಗಸರು ಸಾಲು ಹಿಡಿದು ದಿನವಿಡೀ ಬಗ್ಗಿ ಮಾಡುವ ಕೆಲಸ ಒಬ್ಬನ ಒಂದು ಹೊತ್ತಿನ ಕೆಲಸವಾಗಿದೆ. ಕೊಯ್ಲು ಹಾರ್ವೆಸ್ಟರಿಗೆ ಹೋಗಿ ಎಷ್ಟೋ ಕಾಲವಾಯಿತು. ಉಳಿದಿರುವ ನಾಟಿಗೂ ಯಂತ್ರ ಬಂದಿದೆ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಯಂತ್ರಗಳು ಬಾಡಿಗೆಗೆ ಸಿಗುತ್ತವೆ. ನಾಟಿಯ ಯಂತ್ರವನ್ನು ಯಾರು ನಡೆಸುತ್ತಾರೆ ಎಂದು ಕೇಳಿದೆ. ‘ಅದಕ್ಕ ಡ್ರೈವರ್ ಬರ್ತಾನ್ರೀ’ ಎಂದರು. ನಿಮಗೆ ಕಲಿಸಿದರೆ ನೀವು ನಡೆಸುತ್ತೀರಾ ಎಂದಾಗ ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಪ್ರಶ್ನೆಯನ್ನು ಅವರಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ.

ಬಗ್ಗಿ ಬೆನ್ನು ಮುರಿಯುವ ಕೆಲಸ ಹೋದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತ ಒಳ್ಳೆಯದು. ಕೆಸರಿನಲ್ಲಿ ಎಂಟು ಗಂಟೆ ಬಗ್ಗಿ ನಿಲ್ಲುವ ದುಡಿಮೆಯನ್ನು ಯಾವ ಮಗಳೂ ಮುಂದುವರಿಸಬೇಕೆಂದು ನಾನು ಬಯಸುವುದಿಲ್ಲ. ಆದರೆ ಸಸಿಯ ಅಂತರ, ನೀರಿನ ಮಟ್ಟ, ಮಣ್ಣಿನ ಹದ ಇವೆಲ್ಲ ತಿಳಿದಿರುವುದು ಅವರಿಗೆ. ಯಂತ್ರ ನಡೆಸಲು ಕರೆದದ್ದು ಬೇರೆಯವರನ್ನು. ಅನ್ಯಾಯ ಇರುವುದು ಅಲ್ಲಿ.

ಗಾರ್ಮೆಂಟ್ಸ್‌ನಲ್ಲಿ ಈ ಕತೆ ಇನ್ನೂ ಸೂಕ್ಷ್ಮವಾಗಿದೆ. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯಿಂದ ಹಿಡಿದು ರಾಮನಗರ, ಮಂಡ್ಯದವರೆಗೆ ಲಕ್ಷಾಂತರ ಜನರಿಗೆ ಅನ್ನ ಕೊಡುವ ಉದ್ಯಮ ಇದು. ಅವರಲ್ಲಿ ಬಹುಪಾಲು ಹೆಂಗಸರು. ರೋಬೊಟ್ ಬಂದು ಇವರನ್ನೆಲ್ಲ ಮನೆಗೆ ಕಳಿಸುತ್ತದೆ ಎಂದು ಹತ್ತು ವರ್ಷದಿಂದ ಹೇಳುತ್ತಿದ್ದಾರೆ. ಐಎಲ್‌ಒ 2016ರಲ್ಲಿ ಆಗ್ನೇಯ ಏಷ್ಯಾದ ಲೆಕ್ಕ ಹಾಕಿ, ಜವಳಿ, ಉಡುಪು ಮತ್ತು ಪಾದರಕ್ಷೆ ಉದ್ಯಮದಲ್ಲಿ ಕಾಂಬೋಡಿಯಾದ ಶೇ 88, ವಿಯೆಟ್ನಾಮಿನ ಶೇ 86ರಷ್ಟು ಕಾರ್ಮಿಕರು ಅಪಾಯದಲ್ಲಿದ್ದಾರೆ ಎಂದಿತ್ತು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2012ರಲ್ಲೇ ಅಟ್ಲಾಂಟಾದ ಒಂದು ಕಂಪನಿಗೆ ಹೊಲಿಯುವ ರೋಬೊಟ್ ತಯಾರಿಸಲು ಹಣ ಕೊಟ್ಟಿತ್ತು. ಅಡಿಡಾಸ್ ಕಂಪನಿ ಜರ್ಮನಿಯಲ್ಲೂ ಅಮೆರಿಕದಲ್ಲೂ ರೋಬೊಟ್‌ಗಳಿಂದ ಶೂ ತಯಾರಿಸುವ ಕಾರ್ಖಾನೆ ತೆರೆದು, 2019ರ ನವೆಂಬರಿನಲ್ಲಿ ಎರಡನ್ನೂ ಮುಚ್ಚುವುದಾಗಿ ಹೇಳಿತು. ಹೊಲಿಗೆಯ ಕೆಲಸ ಇವತ್ತಿಗೂ ಕೈಯಲ್ಲೇ ಇದೆ.

ಒಂದು ಅಂಗಿಯ ಕಾಲರ್ ಕೂರಿಸುವುದನ್ನು ನಿಂತು ನೋಡಿದರೆ ಏಕೆಂದು ತಿಳಿಯುತ್ತದೆ. ಬಟ್ಟೆಗೆ ಬೆನ್ನೆಲುಬಿಲ್ಲ. ಎತ್ತಿದರೆ ಜೋಲುತ್ತದೆ, ಎಳೆದರೆ ಹಿಗ್ಗುತ್ತದೆ, ಒಂದು ಥಾನಿನ ಹಾಗೆ ಇನ್ನೊಂದು ಥಾನು ಇರುವುದಿಲ್ಲ. ಎಡಗೈಯ ಎರಡು ಬೆರಳು ಮೇಲಿನ ಪದರವನ್ನು ಒಂದಿಷ್ಟೇ ಹಿಂದಕ್ಕೆ ಹಿಡಿದಿರುತ್ತವೆ, ಬಲಗೈ ಕೆಳಗಿನ ಪದರವನ್ನು ಮುಂದಕ್ಕೆ ಬಿಡುತ್ತದೆ, ಕಾಲು ಪೆಡಲಿನ ಮೇಲೆ ವೇಗವನ್ನು ಕ್ಷಣಕ್ಷಣಕ್ಕೂ ಬದಲಿಸುತ್ತದೆ. ಹೊಲಿಗೆ ತಿರುವಿನಲ್ಲಿ ಸುಕ್ಕು ಬೀಳದ ಹಾಗೆ ಬೆರಳ ತುದಿಗೆ ತಿಳಿಯುವ ಬಿಗಿತವನ್ನು ಅಳೆಯಲು ಯಂತ್ರಕ್ಕೆ ಇನ್ನೂ ಕಷ್ಟವಾಗುತ್ತಿದೆ. ಅಚ್ಚಿನಲ್ಲಿ ಕೂತ ಕಬ್ಬಿಣದ ಬಿಡಿಭಾಗವನ್ನು ಎತ್ತಿಡುವಂಥ ಕೆಲಸ ಇದಲ್ಲ. ಈ ಕುಶಲತೆಗೆ ನಾವು ಕೊಡುವ ಹೆಸರು ಟೈಲರ್, ಕೊಡುವ ಸಂಬಳ ಕನಿಷ್ಠ ವೇತನ. ರೋಬೊಟ್ ಬರದೇ ಇರುವುದಕ್ಕೆ ಅರ್ಧ ಕಾರಣ ಅವರ ಬೆರಳು, ಇನ್ನರ್ಧ ಕಾರಣ ಅವರ ಕೂಲಿ ಅಷ್ಟು ಕಡಿಮೆ ಇರುವುದು. ಕಡಿಮೆ ಕೂಲಿಯಿಂದ ಉಳಿದ ಕೆಲಸವನ್ನು ‘ಸುರಕ್ಷಿತ’ ಎಂದು ವರದಿಗಳು ಕರೆಯುವಾಗ ನನಗೆ ಸಂಕಟವಾಗುತ್ತದೆ.

ಹಾಗೆಂದು ಯಂತ್ರ ಬಂದೇ ಇಲ್ಲವೆಂದಲ್ಲ. ಅದು ಹೊಲಿಗೆಯ ಸಾಲಿನ, ಅಂದರೆ ಲೈನಿನ, ಅಂಚಿನಿಂದ ಒಳಗೆ ಬರುತ್ತಿದೆ. ಹೊಸ ಹೊಲಿಗೆ ಯಂತ್ರಗಳು ಹೊಲಿಗೆ ಮುಗಿದ ಕೂಡಲೇ ದಾರವನ್ನು ತಾವೇ ಕತ್ತರಿಸುತ್ತವೆ. ಮೊದಲು ಟೈಲರ್ ಪಕ್ಕದಲ್ಲಿ ಪುಟ್ಟ ಕತ್ತರಿ ಹಿಡಿದು ದಾರ ಕತ್ತರಿಸುತ್ತಿದ್ದ ಹೆಲ್ಪರ್‌ಗಳು ಅಷ್ಟು ಜನ ಈಗ ಬೇಕಿಲ್ಲ. ಹಳ್ಳಿಯಿಂದ ಬಂದ, ಓದು ಬಾರದ ಹೆಂಗಸು ಗಾರ್ಮೆಂಟ್ಸ್‌ಗೆ ಕಾಲಿಡುತ್ತಿದ್ದದ್ದೇ ಹೆಲ್ಪರ್ ಆಗಿ. ಬಿಡುವಿದ್ದಾಗ ಯಂತ್ರದ ಮೇಲೆ ಕೈಯಾಡಿಸಿ ಟೈಲರ್ ಆಗುತ್ತಿದ್ದಳು. ಆ ಮೊದಲ ಮೆಟ್ಟಿಲು ಸವೆಯುತ್ತಿದೆ. ಇನ್ನೊಂದು ಕಡೆ, ಕಂಪ್ಯೂಟರ್ ಹೇಳಿದಂತೆ ನೂರಾರು ಪದರ ಬಟ್ಟೆಯನ್ನು ಒಮ್ಮೆಗೇ ಕತ್ತರಿಸುವ ಯಂತ್ರಗಳು ಕಟಿಂಗ್ ವಿಭಾಗದಲ್ಲಿವೆ. ಅಲ್ಲಿ ಗಂಡಸರೇ ಹೆಚ್ಚು. ಸಂಬಳವೂ ಅಲ್ಲಿ ಹೆಚ್ಚು.

ಬಾಂಗ್ಲಾದೇಶದಲ್ಲಿ ಇದರ ಮುಂದಿನ ಅಧ್ಯಾಯ ಕಾಣುತ್ತದೆ. ಅಲ್ಲಿನ ಉಡುಪು ಕಾರ್ಖಾನೆಗಳಲ್ಲಿ ಒಂದು ಕಾಲಕ್ಕೆ ನೂರಕ್ಕೆ ಎಂಬತ್ತು ಮಂದಿ ಹೆಂಗಸರು ಎನ್ನುತ್ತಿದ್ದರು. ಢಾಕಾದ ಸೆಂಟರ್ ಫಾರ್ ಪಾಲಿಸಿ ಡೈಲಾಗ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಅರವತ್ತರ ಆಸುಪಾಸಿಗೆ ಇಳಿದಿತ್ತು. ಕಾರಣಗಳು ಹಲವು, ಅವುಗಳಲ್ಲಿ ಯಂತ್ರವೂ ಒಂದು. ಸ್ವೆಟರ್ ಹೆಣೆಯುವ ಕಾರ್ಖಾನೆಗಳಿಗೆ ಕಂಪ್ಯೂಟರ್ ಚಾಲಿತ ಜಕಾರ್ಡ್ ಯಂತ್ರಗಳು ಬಂದಾಗ ಅವನ್ನು ನಡೆಸಲು ಹುಡುಗರನ್ನು ತರಬೇತಿಗೆ ಕಳಿಸಿದರು. ಹೆಂಗಸರಿಗೆ ಹೊಸ ಯಂತ್ರ ತಿಳಿಯುವುದಿಲ್ಲ, ರಾತ್ರಿ ಪಾಳಿಗೆ ಬರುವುದಿಲ್ಲ ಎಂಬುದು ಮಾಲೀಕರ ವಾದ. ಹೊಲದ ಹೆಣ್ಣಾಳುಗಳಿಗೂ ಇವರಿಗೂ ಆದದ್ದು ಒಂದೇ: ಯಂತ್ರ ಬಂದ ದಿನ ‘ಯಾರಿಗೆ ಕಲಿಸೋಣ’ ಎಂದು ಕೇಳಿದಾಗ ಮೇಲ್ವಿಚಾರಕನ ಕಣ್ಣು ಹೋದದ್ದು ಗಂಡಸಿನ ಕಡೆಗೆ.

ನಮ್ಮ ಗಾರ್ಮೆಂಟ್ಸ್ ಹೆಂಗಸರಿಗೆ ತಮ್ಮ ಕೆಲಸ ಎಷ್ಟು ದಿನದ್ದು ಎಂದು ಯಾವ ವರದಿಯೂ ಹೇಳಬೇಕಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ತಂದಾಗ, ಏಪ್ರಿಲ್ 18 ಮತ್ತು 19ರಂದು ಅವರು ಬೆಂಗಳೂರಿನ ಬೀದಿಗಿಳಿದರು. ಸಾವಿರಾರು ಹೆಂಗಸರು ಹೊಸೂರು ರಸ್ತೆಯನ್ನೂ ಮೈಸೂರು ರಸ್ತೆಯನ್ನೂ ತಡೆದು ಕೂತರು. ಯಾವ ದೊಡ್ಡ ಪಕ್ಷವೂ ಅವರನ್ನು ಕರೆತಂದಿರಲಿಲ್ಲ. ಎರಡನೆಯ ದಿನವೇ ಸರ್ಕಾರ ನಿಯಮವನ್ನು ವಾಪಸು ಪಡೆಯಿತು. 58 ವರ್ಷದವರೆಗೆ ಲೈನಿನಲ್ಲಿ ಯಾರೂ ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಲವತ್ತಕ್ಕೆ ಕಣ್ಣು ಮಂಜಾಗುತ್ತದೆ, ಟಾರ್ಗೆಟ್ ಮುಟ್ಟುವುದಿಲ್ಲ. ಕೆಲಸ ನಿಂತ ಮೇಲೆ ಕೈಗೆ ಬರುವ ಪಿಎಫ್ ದುಡ್ಡೇ ಅವರ ನಿರುದ್ಯೋಗ ವಿಮೆ. ಯಂತ್ರದಿಂದ ಕೆಲಸ ಹೋಗುವವರ ಬಗ್ಗೆ ನೀತಿ ಬರೆಯುವವರು ಆ ಎರಡು ದಿನಗಳನ್ನು ಮರೆಯಬಾರದು.

ಯಂತ್ರ ಮುಟ್ಟಲಾರದ ಕೆಲಸ ಯಾವುದು ಎಂದು ಕೇಳಿದರೆ ಬಹಳಷ್ಟು ಅಧ್ಯಯನಗಳು ಆರೈಕೆಯ ಕಡೆ ಕೈ ತೋರುತ್ತವೆ. ಮಗುವನ್ನು ನೋಡಿಕೊಳ್ಳುವುದು, ಬಾಣಂತಿಯ ಮನೆಗೆ ಹೋಗಿ ಮಾತಾಡಿಸುವುದು, ಮಲಗಿದ ಮುದುಕರನ್ನು ಹೊರಳಿಸಿ ಮೈ ಒರೆಸುವುದು. ಇದು ಹೆಂಗಸರಿಗೆ ಶುಭವಾರ್ತೆ ಎಂದು ಬರೆದವರಿದ್ದಾರೆ. ಆದರೆ ನಮ್ಮಲ್ಲಿ ಈ ಕೆಲಸ ಮಾಡುವ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಸಿಗುವುದು ಸಂಬಳವಲ್ಲ, ಗೌರವಧನ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ 15,000 ರೂಪಾಯಿ ಕೊಡಿ ಎಂದು ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ಅಂಗನವಾಡಿಯವರಿಗೆ ತಂತ್ರಜ್ಞಾನ ಕೆಲಸ ಕಡಿಮೆ ಮಾಡಿಲ್ಲ, ಹೆಚ್ಚು ಮಾಡಿದೆ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪಿಗೆ ಮಕ್ಕಳ ತೂಕ, ಎತ್ತರ, ಹಾಜರಿ ಎಲ್ಲ ತುಂಬಬೇಕು, ನೆಟ್‌ವರ್ಕ್ ಸಿಗದ ಊರಲ್ಲಿ ಸಿಗ್ನಲ್ ಹುಡುಕಿಕೊಂಡು ಅಲೆಯಬೇಕು. ಯಂತ್ರದಿಂದ ಆಗದ ಕೆಲಸಕ್ಕೆ ಬೆಲೆ ಏರುತ್ತದೆ ಎಂದು ಅರ್ಥಶಾಸ್ತ್ರ ಹೇಳುತ್ತದೆ. ಇವರ ವಿಷಯದಲ್ಲಿ ಆ ಮಾತು ನಡೆದಿಲ್ಲ. ಬೆಲೆ ಕಟ್ಟುವವರು ಅದನ್ನು ಹೆಂಗಸರು ಹೇಗೂ ಮಾಡುವ ಕೆಲಸ ಎಂದು ತಿಳಿದಿರುವುದೇ ಇದಕ್ಕೆ ಕಾರಣ ಎಂದು ನಾನು ನಂಬಿದ್ದೇನೆ.

‘ಹೊಸ ಕೌಶಲ ಕಲಿತರೆ ಆಯಿತು’ ಎಂಬ ಉಪದೇಶ ಈಗ ಎಲ್ಲ ವೇದಿಕೆಗಳಿಂದ ಕೇಳಿಬರುತ್ತಿದೆ. ಕಲಿಯಲು ಹೊತ್ತು ಎಲ್ಲಿದೆ? 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಕೆಲಸ ಮುಗಿಸಿ ಬಂದ ಗಂಡಸು ಸಂಜೆ ಆರಕ್ಕೆ ಕಂಪ್ಯೂಟರ್ ತರಗತಿಗೆ ಹೋಗಬಹುದು. ಹೆಂಗಸು ಆರಕ್ಕೆ ಒಲೆ ಹಚ್ಚುತ್ತಾಳೆ. ಕಲಿಯುವ ಸಾಧನವೂ ಕೈಯಲ್ಲಿಲ್ಲ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇವೆ ಎಂದವರು ಹೆಂಗಸರಲ್ಲಿ ಶೇ 33, ಗಂಡಸರಲ್ಲಿ ಶೇ 57. ಆದ್ದರಿಂದ ತರಬೇತಿ ನಡೆಯಬೇಕಾದದ್ದು ಕೆಲಸದ ಜಾಗದಲ್ಲಿ, ಕೆಲಸದ ಹೊತ್ತಿನಲ್ಲಿ, ಸಂಬಳ ಕಡಿಯದೆ. ಸಂಜೆ ತರಗತಿಗೆ ಅವರು ಬರಲಿಲ್ಲ ಎಂದು ಆಸಕ್ತಿಯಿಲ್ಲದವರ ಪಟ್ಟಿಗೆ ಸೇರಿಸುವುದು ತಪ್ಪು.

ಯಂತ್ರವನ್ನು ಹೆಂಗಸರ ಕೈಗೇ ಕೊಡುವುದು ಅಸಾಧ್ಯವೇನಲ್ಲ. ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟ ‘ನಮೋ ಡ್ರೋನ್ ದೀದಿ’ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಗೊಬ್ಬರ, ಔಷಧಿ ಸಿಂಪಡಿಸುವ ಡ್ರೋನ್ ಕೊಡುವ ಗುರಿ ಹೊಂದಿದೆ. ಬೆಲೆಯ ಶೇ 80ರವರೆಗೆ ಸಹಾಯಧನ, ಜೊತೆಗೆ ಸಂಘದ ಸದಸ್ಯೆಗೆ ಡ್ರೋನ್ ಹಾರಿಸುವ ತರಬೇತಿ. ಬ್ಯಾಟರಿ ಬೇಗ ಖಾಲಿಯಾಗುವುದು, ರಿಪೇರಿಗೆ ದೂರ ಹೋಗಬೇಕಾಗುವುದು ಇಂಥ ತೊಡಕುಗಳು ಅದರಲ್ಲಿ ಇವೆ. ಡ್ರೋನ್ ಕೂಡ ಒಂದಿಷ್ಟು ಜನರ ಕೂಲಿಯನ್ನು ಕಸಿಯುತ್ತದೆ. ಆದರೆ ಯಂತ್ರ ಕೊಳ್ಳುವಾಗಲೇ ಅದನ್ನು ನಡೆಸುವವಳು ಯಾರು ಎಂದು ಬರೆದಿಟ್ಟ ಯೋಜನೆ ಅದು. ಆ ಕ್ರಮ ನನಗೆ ಮುಖ್ಯವಾಗಿ ಕಾಣುತ್ತದೆ.

ಜವಳಿ ಕಾರ್ಖಾನೆಗಳು ಹೊಸ ಯಂತ್ರ ತರಿಸಲು ಸಾರ್ವಜನಿಕರ ಹಣ ಹರಿದುಬಂದಿದೆ. ಕೇಂದ್ರದ ತಂತ್ರಜ್ಞಾನ ಉನ್ನತೀಕರಣ ನಿಧಿ 1999ರಲ್ಲೇ ಶುರುವಾಯಿತು, ರಾಜ್ಯದ 2019-24ರ ಜವಳಿ ಮತ್ತು ಸಿದ್ಧ ಉಡುಪು ನೀತಿಯಲ್ಲೂ ಬಂಡವಾಳಕ್ಕೆ ಸಹಾಯಧನವಿತ್ತು. ಕೃಷಿ ಯಂತ್ರಗಳಿಗೂ ಹಾಗೆಯೇ ಸಬ್ಸಿಡಿ ಇದೆ. ಈ ಹಣಕ್ಕೆ ಒಂದು ಷರತ್ತು ಸೇರಿಸಿ ಎಂದು ಕಾರ್ಮಿಕ ಇಲಾಖೆ, ಜವಳಿ ಇಲಾಖೆ, ಕೃಷಿ ಇಲಾಖೆಗಳನ್ನು ಕೇಳಿಕೊಳ್ಳುತ್ತೇನೆ: ಸಬ್ಸಿಡಿಯಲ್ಲಿ ಬರುವ ಪ್ರತಿ ಯಂತ್ರಕ್ಕೂ, ಅದು ಯಾರ ಕೆಲಸವನ್ನು ಕಡಿಮೆ ಮಾಡುತ್ತದೋ ಅವರಿಗೇ ಮೊದಲು ತರಬೇತಿ ಕೊಟ್ಟಿರಬೇಕು, ಎಷ್ಟು ಹೆಂಗಸರಿಗೆ ಕೊಟ್ಟಿರಿ ಎಂಬ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಸಬ್ಸಿಡಿಯ ಅರ್ಜಿಯಲ್ಲಿ ಒಂದು ಕಾಲಂ ಸೇರಿಸಿದರೆ ಸಾಕು.